ಊಟ ಯಾರು ಹಾಕ್ತಿದ್ರು?

ಸಮಾಜಪಾಠ ಹೇಳುವ ನಮ್ಮಂಥವರಿಗೆ ಯುದ್ಧವೆಂದರೆ ಕಾರಣಗಳು, ಘಟನೆಗಳು, ಪರಿಣಾಮಗಳು. ಒಂದು ಮಧ್ಯಾಹ್ನ ಮತಸುಧಾರಣೆಯ ಪಾಠದ ಬಾಲದಂತೆ ಯೂರೋಪಿನ ಮೂವತ್ತು ವರ್ಷಗಳ ಯುದ್ಧವನ್ನು, ಅಂದರೆ 1618ರಿಂದ 1648ರವರೆಗಿನದನ್ನು, ಬೋರ್ಡಿನ ಮೇಲೆ ನಾಲ್ಕು ಸಾಲಿನಲ್ಲಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ಅಷ್ಟು ವರ್ಷ ಆ ಸೈನಿಕರಿಗೆಲ್ಲ ಊಟ ಯಾರು ಹಾಕ್ತಿದ್ರು?” ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಅವಳ ತಾಯಿ ಖಾನಾವಳಿ ನಡೆಸುವಾಕೆ. ಅವಳು ಕೇಳಿದ್ದು ತಮಾಷೆಗಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು, ಬಚಾವಾದೆ. ಆದರೆ ಇಷ್ಟು ವರ್ಷ ಪಾಠ ಹೇಳಿಯೂ ಉತ್ತರ ಗೊತ್ತಿರಲಿಲ್ಲವಲ್ಲ ಎಂಬುದು ಆ ರಾತ್ರಿ ನಿದ್ದೆ ಕೆಡಿಸಿತು. ಹುಡುಕಿಕೊಂಡು ಓದತೊಡಗಿದೆ.

ಯುದ್ಧ ಶುರುವಾದದ್ದು ಒಂದು ಕಿಟಕಿಯಿಂದ. 1618ರ ಮೇ 23ರಂದು ಪ್ರಾಗ್ ಅರಮನೆಯಲ್ಲಿ, ತಮ್ಮ ಧರ್ಮಾಚರಣೆಗೆ ಅಡ್ಡಿಯಾಯಿತೆಂಬ ಸಿಟ್ಟಿನಲ್ಲಿ ಬೊಹೀಮಿಯಾದ ಪ್ರೊಟೆಸ್ಟೆಂಟ್ ಪ್ರಮುಖರು ಕ್ಯಾಥೊಲಿಕ್ ದೊರೆಯ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಕಾರ್ಯದರ್ಶಿಯನ್ನೂ ಕಿಟಕಿಯಿಂದ ಆಚೆಗೆಸೆದರು. ಮೂವರೂ ಬದುಕಿದರು! ಮೇರಿ ಮಾತೆ ಕಾಪಾಡಿದಳೆಂದು ಒಂದು ಪಕ್ಷ, ತಿಪ್ಪೆಯ ಮೇಲೆ ಬಿದ್ದರೆಂದು ಇನ್ನೊಂದು ಪಕ್ಷ. ಸತ್ತವರು, ಆ ಕಿಟಕಿಯನ್ನು ಕನಸಿನಲ್ಲೂ ಕಾಣದ ಹಳ್ಳಿಗಾಡಿನವರು.

1620ರಲ್ಲಿ ಬೊಹೀಮಿಯನ್ನರು ಸೋತಾಗಲೇ ಜಗಳ ಮುಗಿಯಬಹುದಿತ್ತು. ಮುಗಿಯಲಿಲ್ಲ. 1625ರಲ್ಲಿ ಡೆನ್ಮಾರ್ಕ್ ಬಂತು, 1630ರಲ್ಲಿ ಸ್ವೀಡನ್, 1635ರಲ್ಲಿ ಫ್ರಾನ್ಸ್. ಫ್ರಾನ್ಸಿನ ಮುಖ್ಯಮಂತ್ರಿ ರಿಶಲ್ಯೂ ಕ್ಯಾಥೊಲಿಕ್ ಚರ್ಚಿನ ಕಾರ್ಡಿನಲ್. ಅವನು ಕೈಜೋಡಿಸಿದ್ದು ಪ್ರೊಟೆಸ್ಟೆಂಟರ ಜೊತೆ. “ಧಾರ್ಮಿಕ ಯುದ್ಧ” ಎಂದು ನೋಟ್ಸ್ ಬರೆಸುವಾಗ ನನ್ನ ನಾಲಿಗೆ ಈಗ ಸ್ವಲ್ಪ ತಡವರಿಸುತ್ತದೆ.

ಇನ್ನು ಊಟದ ಮಾತು. ದೊರೆಗಳ ಖಜಾನೆ ಖಾಲಿ. ಚಕ್ರವರ್ತಿಯ ಸೇನಾಪತಿ ವಾಲೆನ್‌ಸ್ಟೈನ್ ಒಂದು ಪದ್ಧತಿಯನ್ನು ಭಾರೀ ಪ್ರಮಾಣದಲ್ಲಿ ನಡೆಸಿದ: ಸೇನೆ ಎಲ್ಲಿ ಬೀಡುಬಿಡುತ್ತದೋ ಆ ಸೀಮೆಯವರೇ ಹಣ, ಧಾನ್ಯ, ಮೇವು ಕೊಡಬೇಕು. ಕೊಡದಿದ್ದರೆ ಬೆಂಕಿ. ಒಂದು ಸೀಮೆ ಬರಿದಾದರೆ ಮುಂದಿನದು. ಸೇನೆಯನ್ನು ಮನೆಗೆ ಕಳಿಸೋಣವೆಂದರೆ ಬಾಕಿ ಸಂಬಳ ಕೊಡಬೇಕಲ್ಲ! ಬಿತ್ತನೆಗಿಟ್ಟ ಕಾಳೂ ಹೋದ ಮನೆಯಲ್ಲಿ ಮರುವರ್ಷ ಏನು ಬೇಯಿಸುವುದು? ಹಸಿವಿನ ಬೆನ್ನಿಗೆ ಪ್ಲೇಗು. ಜರ್ಮನ್ ನಾಡುಗಳ ಜನರಲ್ಲಿ ಐದರಲ್ಲೊಂದು ಪಾಲು ಇಲ್ಲವಾಯಿತೆಂದು ಕೆಲವರು, ಮೂರರಲ್ಲೊಂದೆಂದು ಕೆಲವರು ಲೆಕ್ಕ ಹಾಕುತ್ತಾರೆ. ಹೆಚ್ಚಿನವರನ್ನು ಕೊಂದದ್ದು ಕತ್ತಿಯಲ್ಲ.

ಆ ಕಾಲದ ಒಬ್ಬ ಸಾಮಾನ್ಯ ಸೈನಿಕನ ದಿನಚರಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಸಿಕ್ಕಿ, 1993ರಲ್ಲಿ ಅಚ್ಚಾಯಿತು. ಪೀಟರ್ ಹಾಗೆನ್‌ಡಾರ್ಫ್ ಎಂಬವನದೆಂದು ವಿದ್ವಾಂಸರು ಗುರುತಿಸಿದ್ದಾರೆ. ಹೆಂಡತಿ ಮಕ್ಕಳು ಸೇನೆಯ ಹಿಂದೆಯೇ ನಡೆಯುತ್ತಿದ್ದರು. 1631ರ ಮೇ ತಿಂಗಳಲ್ಲಿ ಮಾಗ್ಡೆಬರ್ಗ್ ನಗರ ಹೊತ್ತಿ ಉರಿದು ಸುಮಾರು 20,000 ಜನ ಸತ್ತರಲ್ಲ, ಅಂದು ಅವನಿಗೆ ಗುಂಡೇಟು ಬಿದ್ದಿತ್ತು. ಗಾಯಕ್ಕೆ ಬಟ್ಟೆ, ಮಲಗಲು ಹಾಸಿಗೆ ತರಲೆಂದು ಹೆಂಡತಿ ಉರಿಯುವ ಊರೊಳಗೆ ಹೋದಳು. ಬಿಡಾರದಲ್ಲಿ ಕಾಯಿಲೆ ಬಿದ್ದ ಮಗು. ಅವಳು ವಾಪಸು ಬಂದಳು, ಬಟ್ಟೆ, ದ್ರಾಕ್ಷಾರಸ, ಬೆಳ್ಳಿಯ ಪಟ್ಟಿಗಳ ಸಮೇತ. ಯಾರ ಮನೆಯ ಬೆಳ್ಳಿಯೋ. ಅವಳನ್ನು ಹೊಗಳಲೂ ಆಗದೆ, ಬೈಯಲೂ ಆಗದೆ ಪುಸ್ತಕ ಮುಚ್ಚಿಟ್ಟೆ. ಎರಡು ವರ್ಷದಲ್ಲಿ ಅವಳೂ ತೀರಿಕೊಂಡಳು. ಅವಳು ಹೆತ್ತ ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ.

ಶಾಂತಿಯ ಮಾತುಕತೆಗೆ ಕೂತವರಿಗೆ ಅವಸರವೇನೂ ಇರಲಿಲ್ಲ. ಎರಡೂ ಮತದವರು ಒಂದೇ ಊರಲ್ಲಿ ಕೂರಲೊಪ್ಪದೆ ಮ್ಯೂನ್‌ಸ್ಟರ್, ಓಸ್ನಾಬ್ರುಕ್ ಎಂಬ ಎರಡು ಊರುಗಳಲ್ಲಿ ಮಾತಾಡಿದರು. ಯಾರು ಮೊದಲು ಒಳಗೆ ಬರಬೇಕು, ಯಾರನ್ನು ಏನೆಂದು ಕರೆಯಬೇಕು ಎಂಬುದಕ್ಕೇ ತಿಂಗಳುಗಟ್ಟಲೆ ಜಗಳ. ನಮ್ಮ ಮದುವೆಮನೆಗಳಲ್ಲಿ ಬೀಗರದು ಏನೇನೂ ಅಲ್ಲ ಬಿಡಿ. ಅತ್ತ ಯುದ್ಧ ನಡೆದೇ ಇತ್ತು. 1648ರ ಜುಲೈನಲ್ಲಿ ಸ್ವೀಡನ್ನಿನ ಸೇನೆ ಅದೇ ಪ್ರಾಗ್ ಅರಮನೆಯನ್ನು ದೋಚಿತು. ಅಕ್ಟೋಬರ್ 24ರಂದು ಸಹಿ ಬಿತ್ತು.

ಹಾಗೆನ್‌ಡಾರ್ಫ್ ಅಷ್ಟರಲ್ಲಿ ಮರುಮದುವೆಯಾಗಿದ್ದ. ಮಗನನ್ನು ಹಳ್ಳಿಯೊಂದರ ಮೇಷ್ಟರ ಮನೆಯಲ್ಲಿ ಹಣ ಕೊಟ್ಟು ಓದಲು ಬಿಟ್ಟಿದ್ದ. ಶಾಂತಿಯಾದ ಮರುವರ್ಷ ಹೋಗಿ ಕರೆತಂದ.

ಇದನ್ನೆಲ್ಲ ಕ್ಲಾಸಿನಲ್ಲಿ ಹೇಳಿದೆ. ಹುಡುಗಿ ಮತ್ತೆ ಎದ್ದಳು. “ಆ ಹುಡುಗನಿಗಾದ್ರೂ ಅವರಪ್ಪ ದುಡ್ಡು ಕೊಟ್ಟು ಊಟ ಹಾಕ್ಸಿದ್ನಲ್ಲ ಮಿಸ್.”

ಆ ದುಡ್ಡು ಎಲ್ಲಿಯದೆಂದು ಅವಳು ಕೇಳಲಿಲ್ಲ.