ಮೇಟಗಳ್ಳಿಯ ಟೈರು, ಕಾಡುದಾರಿಯ ಜೀಪು

ಮೈಸೂರಿನಲ್ಲಿ ಟೈರು ತಯಾರಿಕೆ ಬೇರೂರಿದ್ದು 1970ರ ದಶಕದಿಂದೀಚೆಗೆ, ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆಯ ಮೇಟಗಳ್ಳಿಯಲ್ಲಿ. ಆ ಒಂದೇ ರಸ್ತೆಯಲ್ಲಿ ಎರಡು ಕಾರ್ಖಾನೆಗಳು ಎದ್ದವು. ಫಾಲ್ಕನ್ ಟೈರ್ಸ್ ಸ್ಕೂಟರು, ಮೋಟಾರ್ ಸೈಕಲ್ಲುಗಳ ಟೈರು ಮಾಡಿತು. ವಿಕ್ರಾಂತ್ ಟೈರ್ಸ್ ಲಾರಿ, ಬಸ್ಸುಗಳ ಭಾರ ಹೊರುವ ದೊಡ್ಡ ಟೈರುಗಳಿಗೆ ಕೈಹಾಕಿತು. ವಿಕ್ರಾಂತ್ ರೂಪುಗೊಂಡಿದ್ದು ರಾಜ್ಯ ಸರ್ಕಾರದ ಆಸರೆಯಲ್ಲಿ, ಇಂಗ್ಲೆಂಡಿನ ಏವನ್ ರಬ್ಬರ್ ಕಂಪನಿಯ ತಾಂತ್ರಿಕ ನೆರವಿನಿಂದ. ಸರ್ಕಾರವೇ ಮುಂದೆ ನಿಂತು ಕಾರ್ಖಾನೆ ಕಟ್ಟುವುದು ಈ ಊರಿಗೆ ಹೊಸದಲ್ಲ. ಅರಸರ ಕಾಲದಲ್ಲೇ ಗಂಧದೆಣ್ಣೆಯ ಕಾರ್ಖಾನೆ ಬಂದಿತ್ತು. 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೂ ಶುರುವಾಗಿತ್ತು. ಟೈರು ಅದೇ ಪರಂಪರೆಯ ಮುಂದುವರಿಕೆ.

ಆದರೆ ಮೈಸೂರಿನವರಿಗೆ ಟೈರಿನ ಒಳಿತು ಕೆಡುಕು ತಿಳಿದದ್ದು ಕಾರ್ಖಾನೆಯಿಂದಲ್ಲ, ಊರಿನ ಸುತ್ತಲಿನ ನೆಲದಿಂದ. ಪಶ್ಚಿಮಕ್ಕೆ ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಕೊಡಗಿನ ಏರು, ಕಾಫಿ ತೋಟಗಳ ಜಾರುವ ಕೆಮ್ಮಣ್ಣು. ನೈಋತ್ಯಕ್ಕೆ ಹೆಗ್ಗಡದೇವನಕೋಟೆ, ಅಲ್ಲಿಂದಾಚೆ ಕಾಕನಕೋಟೆಯ ಕಾಡು. ದಕ್ಷಿಣಕ್ಕೆ ನಂಜನಗೂಡು ಕಳೆದು ಚಾಮರಾಜನಗರದ ಕಡೆ ಹೊರಟರೆ ಕೆಮ್ಮಣ್ಣಿನ ನಡುನಡುವೆ ಎರೆಭೂಮಿ. ಎರೆಮಣ್ಣು ಒಂದು ಹದ ಮಳೆ ಬಿದ್ದರೆ ಸಾಕು, ಟೈರಿನ ಗ್ರಿಪ್ಪಿನ ಸಂದುಗಳಲ್ಲಿ ಮೆತ್ತಿಕೊಂಡು ಅದನ್ನು ನುಣ್ಣಗಿನ ಉರುಳೆಯನ್ನಾಗಿ ಮಾಡಿಬಿಡುತ್ತದೆ. ಕೊಡಗಿನ ಕೆಮ್ಮಣ್ಣು ಅಷ್ಟು ಅಂಟುವುದಿಲ್ಲ, ಆದರೆ ಮೇಲ್ಪದರ ನೆನೆದಾಗ ಕಾಲೂರಲು ಬಿಡುವುದಿಲ್ಲ. ಗರಸಿನ ದಾರಿಯಲ್ಲಿ ಹಿಡಿತದ ತೊಂದರೆ ಕಡಿಮೆ. ಅಲ್ಲಿ ಕಲ್ಲಿನ ಚೂಪು ಟೈರಿನ ಪಕ್ಕವನ್ನು ಸೀಳುತ್ತದೆ. ಒಂದೇ ದಿನದ ಪ್ರಯಾಣದಲ್ಲಿ ಈ ಮೂರೂ ಎದುರಾಗುವ ಊರುಗಳು ಹೆಚ್ಚಿಲ್ಲ.

ಈ ದಾರಿಗಳನ್ನು ಬಹುಕಾಲ ಸವೆಸಿದ್ದು ಎತ್ತಿನ ಗಾಡಿ. ಮರದ ಗಾಲಿಗೆ ತೊಡಿಸಿದ ಕಬ್ಬಿಣದ ಪಟ್ಟೆ ಮಣ್ಣನ್ನು ಕೊರೆದು ಜಾಡು ಮಾಡುತ್ತಿತ್ತು. ಗಾಳಿ ತುಂಬಿದ ರಬ್ಬರ್ ಟೈರಿನ ಗಾಡಿ ಬಂದಾಗ ರೈತರು ಅದನ್ನು ಡನ್ಲಪ್ ಗಾಡಿ ಎಂದೇ ಕರೆದರು. ಡನ್ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಟೈರು ಕಾರ್ಖಾನೆ ತೆರೆದಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜೀಪು ಬಂತು. ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಇಳಿಯಿತು. ಕೊಡಗಿನ ಎಸ್ಟೇಟುಗಳು, ಅರಣ್ಯ ಇಲಾಖೆ, ಸರ್ಕಾರಿ ಕಚೇರಿಗಳು ಅದನ್ನು ತಮ್ಮದಾಗಿಸಿಕೊಂಡವು. ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ಕೊನೆಯದಾಗಿ ನಡೆದದ್ದು 1971ರಲ್ಲಿ. ಆಮೇಲೆ ಕಪಿಲೆಗೆ ಅಣೆಕಟ್ಟು ಬಂದು ಆ ಕಾಡಿನ ಒಂದು ಭಾಗ ಹಿನ್ನೀರಿನಲ್ಲಿ ಮುಳುಗಿತು. 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿದ ಮೇಲೆ ಅದೇ ಹಿನ್ನೀರಿನ ದಂಡೆಯಲ್ಲಿ ಜೀಪುಗಳು ಪ್ರವಾಸಿಗರನ್ನು ಹೊತ್ತು ತಿರುಗತೊಡಗಿದವು.

ಆ ಜೀಪುಗಳ ಟೈರಿನ ಅಳತೆ 6.00-16: ಆರಿಂಚು ಅಗಲ, ಹದಿನಾರಿಂಚು ರಿಮ್ಮು. ಕಿರಿದಾದ ಈ ಟೈರು ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲ ಮುಟ್ಟುತ್ತಿತ್ತು. ಅದರ ಮೈಯೆಲ್ಲ ನೈಲಾನ್ ಎಳೆಗಳು. ಪದರ ಪದರವಾಗಿ, ಒಂದು ಪದರ ಎಡಕ್ಕೆ ಓರೆ, ಮೇಲಿನದು ಬಲಕ್ಕೆ ಓರೆ. ಹೀಗೆ ಹೆಣೆದ ಟೈರಿಗೆ ಇಂದಿಗೂ ಲಾರಿಯವರ ಬಾಯಲ್ಲಿ ನೈಲಾನ್ ಟೈರು ಎಂದೇ ಹೆಸರು. ಅದರ ಪಕ್ಕದ ಗೋಡೆಯಲ್ಲೂ ನೆಲ ಮುಟ್ಟುವ ಮೈಯಲ್ಲೂ ಇರುವುದು ಅವೇ ಪದರಗಳು. ಆದ್ದರಿಂದ ಗೋಡೆ ದಪ್ಪ, ಕಲ್ಲೇಟಿಗೆ ಜಗ್ಗದು. ಹೊರೆ ಹೆಚ್ಚಾದರೂ ತಾಳಿಕೊಳ್ಳುತ್ತದೆ, ಸವೆದರೆ ರೀಸೋಲ್ ಮಾಡಿಸಿ ಮತ್ತೆ ಓಡಿಸಬಹುದು. ಕುಂದು ಇರುವುದು ಬಿಸಿಯಲ್ಲಿ. ಟೈರು ಉರುಳುವಾಗ ಪದರಗಳು ಒಂದಕ್ಕೊಂದು ತಿಕ್ಕಾಡಿ ಕಾಯುತ್ತವೆ. ವೇಗ ಏರಿದಂತೆ ಕಾವೂ ಏರುತ್ತದೆ, ಡೀಸೆಲ್ ಹೆಚ್ಚು ಉರಿಯುತ್ತದೆ.

ರೇಡಿಯಲ್ ಟೈರು ಈ ಹೆಣಿಗೆಯನ್ನೇ ಬದಲಿಸಿತು. ಎಳೆಗಳು ಓರೆಯಾಗಿ ಹಾಯುವುದಿಲ್ಲ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡ ಹಾಯುತ್ತವೆ. ಅವುಗಳ ಮೇಲೆ, ನೆಲ ಮುಟ್ಟುವ ಭಾಗದ ಅಡಿಯಲ್ಲಿ, ಉಕ್ಕಿನ ತಂತಿಯ ಪಟ್ಟಿಗಳು ಸುತ್ತುತ್ತವೆ. ಗೋಡೆ ಬಾಗಿದರೂ ನೆಲ ಮುಟ್ಟುವ ಭಾಗ ಸಪಾಟಾಗಿ ಕೂರುತ್ತದೆ. ಕಾವು ಕಡಿಮೆ, ಸವೆತ ಕಡಿಮೆ. ಫ್ರಾನ್ಸಿನ ಮಿಶಲಿನ್ 1946ರಲ್ಲಿ ಪೇಟೆಂಟ್ ಪಡೆದ ಈ ವಿದ್ಯೆ ಭಾರತದ ಕಾರುಗಳಿಗೆ ತಲುಪಿದ್ದು 1970ರ ದಶಕದ ಕೊನೆಗೆ, ಲಾರಿಗಳಿಗೆ ಮತ್ತೂ ಇಪ್ಪತ್ತು ವರ್ಷ ತಡವಾಗಿ. ಆ ತಡಕ್ಕೆ ಕಾರಣವಿತ್ತು. ಮಿತಿ ಮೀರಿದ ಹೊರೆಗೂ ಗುಂಡಿಬಿದ್ದ ರಸ್ತೆಗೂ ರೇಡಿಯಲ್ಲಿನ ತೆಳು ಗೋಡೆ ತಾಳುವುದಿಲ್ಲವೆಂಬ ಅಳುಕು ಮಾಲೀಕರಲ್ಲಿತ್ತು, ಬೆಲೆಯೂ ಹೆಚ್ಚಿತ್ತು.

ಇಲ್ಲಿ ಮೈಸೂರಿನ ಪಾಲು ದೊಡ್ಡದು. 1997ರಲ್ಲಿ ವಿಕ್ರಾಂತ್ ಜೆಕೆ ಸಮೂಹದ ಕೈಸೇರಿತು. ಎರಡು ವರ್ಷಗಳಲ್ಲಿ, 1999ರಲ್ಲಿ, ಜೆಕೆ ಟೈರ್ ದೇಶದಲ್ಲಿ ಮೊದಲ ಬಾರಿಗೆ ಲಾರಿ ಮತ್ತು ಬಸ್ಸುಗಳ ಉಕ್ಕಿನ ರೇಡಿಯಲ್ ಟೈರನ್ನು ಮಾರುಕಟ್ಟೆಗೆ ತಂದಿತು. ಅದರ ತಯಾರಿಕೆಗೆ ನೆಲೆಯಾದದ್ದು ಮೈಸೂರು. ಕೈಗಾರಿಕೆಯ ಚರಿತ್ರೆಯಲ್ಲಿ ಈ ನಗರ ರೇಷ್ಮೆ, ಗಂಧ, ಅಗರಬತ್ತಿಗಳಿಂದ ಹೆಸರಾದಷ್ಟು ಇದರಿಂದ ಹೆಸರಾಗಿಲ್ಲ. ದೇಶದ ಹೆದ್ದಾರಿಗಳ ಮೇಲೆ ಅದು ಬೀರಿದ ಪ್ರಭಾವ ಮಾತ್ರ ಯಾವುದಕ್ಕೂ ಕಡಿಮೆಯದಲ್ಲ. ಇದೇ ಊರಿನಲ್ಲಿ 1980ರ ದಶಕದಿಂದ ಬಿಇಎಂಎಲ್ ಗಣಿಗಳ ಡಂಪರುಗಳನ್ನು ಕಟ್ಟುತ್ತ ಬಂದಿದೆ. ರಸ್ತೆಯ ಮುಖವನ್ನೇ ನೋಡದ, ಬಂಡೆಚೂರುಗಳ ಮೇಲಷ್ಟೇ ಓಡುವ ಅಂಥ ಯಂತ್ರಗಳ ಟೈರು ತಯಾರಿಕೆಗೂ ಮೈಸೂರಿನಲ್ಲಿ ಜಾಗವಿದೆ. ಫಾಲ್ಕನ್ನಿನ ಕಥೆ ಹಾಗೆ ನಡೆಯಲಿಲ್ಲ. ಕೈಯಿಂದ ಕೈಗೆ ಹೋದ ಆ ಕಾರ್ಖಾನೆ 2010ರ ದಶಕದ ಮಧ್ಯದಲ್ಲಿ ನಿಂತುಹೋಯಿತು. ನೂರಾರು ಕುಟುಂಬಗಳ ಅನ್ನ ಹೋಯಿತು.

ಸಣ್ಣ ಜೀಪುಗಳ ಪಾಲಿಗೆ ಬದಲಾವಣೆ ನಿಧಾನವಾಗಿ ಬಂತು. 1985ರಲ್ಲಿ ಹೊರಬಂದ ಮಾರುತಿ ಜಿಪ್ಸಿಗೂ ಮೊದಲಿದ್ದದ್ದು ನೈಲಾನ್ ಟೈರೇ. ಕೆಸರಿಗೆ ಹೋಗುವವರು ದಪ್ಪ ಕಟ್ಟೆಗಳ ಬಟನ್ ಟೈರು ಹಾಕಿಸುತ್ತಿದ್ದರು, ಉಳಿದವರು ರಸ್ತೆಯ ಟೈರಿನಲ್ಲೇ ಹೊಂದಿಸಿಕೊಳ್ಳುತ್ತಿದ್ದರು. ಇವೆರಡರ ನಡುವಿನ ಆಲ್ ಟೆರೇನ್ ಟೈರು ಅಮೆರಿಕದಲ್ಲಿ 1976ರಲ್ಲೇ ಬಿಎಫ್ ಗುಡ್ರಿಚ್ ಕಂಪನಿಯ ರೇಡಿಯಲ್ಲಾಗಿ ಬಂದಿತ್ತು. ಇಲ್ಲಿ ಅದು ಮನೆಮಾತಾದದ್ದು ಮಹೀಂದ್ರದ ಥಾರ್ ಜೀಪಿನ ಕಾಲದಲ್ಲಿ. 2020ರ ಥಾರ್ ಕಾರ್ಖಾನೆಯಿಂದಲೇ ಅಂಥ ಟೈರು ತೊಟ್ಟು ಬಂತು. ಜೆಕೆಯ ರೇಂಜರ್ ಸರಣಿಯಲ್ಲೂ ಆಲ್ ಟೆರೇನ್ ಮಾದರಿಗಳಿವೆ.

ಆಯ್ಕೆಗೆ ಕುಳಿತವರಿಗೆ ಈ ಚರಿತ್ರೆ ಕೆಲಸಕ್ಕೆ ಬರುತ್ತದೆ. ಮೊದಲು ಅಳತೆ. ಥಾರಿನ 255/65 ಆರ್ 18 ಎಂದರೆ 255 ಮಿಲಿಮೀಟರ್ ಅಗಲ, ಅದರ ಶೇಕಡಾ 65ರಷ್ಟು ಎತ್ತರದ ಗೋಡೆ, 18 ಇಂಚಿನ ರಿಮ್ಮು, ರೇಡಿಯಲ್ ಹೆಣಿಗೆ. ಒಟ್ಟು ವ್ಯಾಸ ಸುಮಾರು 789 ಮಿಲಿಮೀಟರ್. ಇದೇ ವಾಹನದ 245/75 ಆರ್ 16 ಟೈರಿನ ವ್ಯಾಸ ಸುಮಾರು 774. ಇವೆರಡರಲ್ಲಿ ಕಲ್ಲುದಾರಿಗೆ ಒಳ್ಳೆಯದು ಎರಡನೆಯದೇ, ಏಕೆಂದರೆ ಅದರ ಗೋಡೆ ಎತ್ತರ; ಹೊಡೆತವನ್ನು ರಬ್ಬರು ನುಂಗುತ್ತದೆ, ರಿಮ್ಮು ಉಳಿಯುತ್ತದೆ. ಅಳತೆಯ ಮುಂದಿನ ಅಂಕಿ ಹೊರೆಯದು: 100 ಎಂದರೆ ಒಂದು ಟೈರಿಗೆ 800 ಕಿಲೋ, 109 ಎಂದರೆ 1,030 ಕಿಲೋ. ಅದು ಕಂಪನಿ ಹೇಳಿದ್ದಕ್ಕಿಂತ ಕೆಳಗಿರಕೂಡದು. ತಯಾರಾದ ವಾರ ಮತ್ತು ವರ್ಷ ಗೋಡೆಯ ಮೇಲೆ ನಾಲ್ಕಂಕಿಯಲ್ಲಿರುತ್ತದೆ. 2523 ಎಂದರೆ 2023ರ 25ನೆಯ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಟೈರು ಅಗ್ಗಕ್ಕೆ ಸಿಕ್ಕರೂ ಬೇಡ.

ಗ್ರಿಪ್ಪಿನ ವಿಷಯದಲ್ಲಿ ಮೈಸೂರಿನ ವಾಹನಕ್ಕೆ ತೀರ್ಮಾನ ಕಷ್ಟದ್ದಲ್ಲ. ವಾರಾಂತ್ಯಕ್ಕೆ ಕಾಡಂಚಿಗೆ ಹೋಗುವ ಬಂಡಿಯೂ ಓಡುವುದರಲ್ಲಿ ಹೆಚ್ಚಿನದು ಡಾಂಬರಿನ ಮೇಲೆ. 2023ರಲ್ಲಿ ಬೆಂಗಳೂರು ಹೆದ್ದಾರಿ ಅಗಲವಾದ ಮೇಲೆ ವೇಗವೂ ಏರಿದೆ. ಬಟನ್ ಟೈರು ಅಲ್ಲಿ ಗದ್ದಲ ಮಾಡುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿದಾಗ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಅದು ತಕ್ಕದ್ದು ತೋಟದೊಳಗೇ ಉಳಿದು ಮಳೆಗಾಲವಿಡೀ ಕೆಸರು ತುಳಿಯುವ ಎಸ್ಟೇಟ್ ಜೀಪಿಗೆ. ಉಳಿದವರಿಗೆ ಆಲ್ ಟೆರೇನ್ ಸಾಕು, ಎರೆಮಣ್ಣಿನಲ್ಲಿ ಮಾತ್ರ ಅದರ ಭರವಸೆ ಬೇಡ. ಆಳವಾದ ಕೆಸರಿನಲ್ಲಿ ಗಾಳಿ ಸ್ವಲ್ಪ ಇಳಿಸಿ, ರಸ್ತೆಗೆ ಬಂದ ಕೂಡಲೇ ತುಂಬಿಸಿಕೊಳ್ಳಬೇಕು. ಪಂಪು ಗಾಡಿಯಲ್ಲೇ ಇರಲಿ. ಕಾರು ಟೈರಿನ ಗ್ರಿಪ್ಪಿನ ಆಳಕ್ಕೆ ಕಾನೂನು ಹಾಕಿದ ಕನಿಷ್ಠ ಮಿತಿ 1.6 ಮಿಲಿಮೀಟರ್. ಕೊಡಗಿನ ಮಳೆಗೆ ಅದು ಸಾಲದು, ಅಷ್ಟು ಸವೆಯುವ ಎಷ್ಟೋ ಮೊದಲೇ ಟೈರು ಬದಲಾಯಿಸಬೇಕು.