ಸುಬ್ರಹ್ಮಣ್ಯ ಯಾವ ತಾಲೂಕು? ಹುಡುಕಾಟದ ಯಂತ್ರಕ್ಕೂ ಒಂದು ಇತಿಹಾಸ

ಆರ್‌ಟಿಸಿ ನೋಡಲು ಮೊಬೈಲಿನಲ್ಲಿ 'ಭೂಮಿ' ತೆರೆದರೆ ಮೊದಲು ಜಿಲ್ಲೆ ಕೇಳುತ್ತದೆ. ಆಮೇಲೆ ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸೆ. ನಮ್ಮ ಕಡೆಯವರಿಗೆ ಎರಡನೇ ಮೆಟ್ಟಿಲಲ್ಲೇ ಕಾಲು ಜಾರುತ್ತದೆ. ಅಜ್ಜನ ಕಾಲದ ಕಾಗದದಲ್ಲಿ 'ಸುಳ್ಯ ತಾಲೂಕು, ಸುಬ್ರಹ್ಮಣ್ಯ ಗ್ರಾಮ' ಎಂದಿರುತ್ತದೆ. ಸುಬ್ರಹ್ಮಣ್ಯ ಈಗ ಕಡಬ ತಾಲೂಕು.

ಜಾಗ ಅಲ್ಲೇ ಇದೆ, ವಿಳಾಸ ಮಾತ್ರ ಅಲೆಯುತ್ತಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಂದಿನ ಪುತ್ತೂರು, ಸುಳ್ಯ, ಕಡಬ ಮದ್ರಾಸ್ ಪ್ರಾಂತ್ಯದ ಉಪ್ಪಿನಂಗಡಿ ತಾಲೂಕಿನಲ್ಲಿದ್ದವು. ಹೆಸರು ಉಪ್ಪಿನಂಗಡಿಯದು, ಕಚೇರಿ ಪುತ್ತೂರಿನಲ್ಲಿ! 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಕಾಸರಗೋಡು ಕೇರಳಕ್ಕೆ ಹೋಯಿತು. ಪುತ್ತೂರಿನಿಂದ ಸುಳ್ಯ ಬೇರೆಯಾಯಿತು. 2018ರಲ್ಲಿ ಎರಡೂ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ತಾಲೂಕಾಯಿತು. ಈ ನಡುವೆ, 2000ದ ಆಸುಪಾಸಿನಲ್ಲಿ, ಭೂಮಿ ಯೋಜನೆಯಡಿ ರಾಜ್ಯದ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು.

ಇಂಥ ರಾಶಿಯಲ್ಲಿ ಬೇಕಾದ್ದನ್ನು ಹುಡುಕುವುದು ಹೇಗೆ? ಈ ಪ್ರಶ್ನೆಗೆ ತಲೆ ಕೆಡಿಸಿಕೊಂಡ ಒಬ್ಬರು 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಕಲಿಸಲು ಬಂದಿದ್ದರು: ಎಸ್. ಆರ್. ರಂಗನಾಥನ್. 1924ರಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಆಗ ಪುಸ್ತಕ ಜೋಡಿಸುವ ಕ್ರಮವೆಂದರೆ ಒಂದು ಏಣಿ. ಒಂದು ಪುಸ್ತಕಕ್ಕೆ ಒಂದೇ ಮೆಟ್ಟಿಲು. ಲಂಡನ್ನಿನ ಅಂಗಡಿಯೊಂದರಲ್ಲಿ ಬಿಡಿಭಾಗ ಜೋಡಿಸಿ ಬೇರೆ ಬೇರೆ ಗೊಂಬೆ ಮಾಡುವ ಮೆಕ್ಯಾನೊ ಆಟಿಕೆ ಕಂಡ ಮೇಲೆ ಅವರಿಗೆ ಬೇರೆ ದಾರಿ ಹೊಳೆಯಿತು. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣದಲ್ಲಿ ಪುಸ್ತಕಕ್ಕೆ ಹಲವು ಮುಖಗಳು. ಅವುಗಳಲ್ಲಿ ಸ್ಥಳ ಒಂದು, ಕಾಲ ಇನ್ನೊಂದು. ಇಂದು 'ಫ್ಯಾಸೆಟ್' ಎನ್ನುವುದು ಇದನ್ನೇ. ಮೊಬೈಲ್ ಕೊಳ್ಳುವಾಗ ಕಂಪನಿ, ಬೆಲೆ ಎಂದು ಒತ್ತುತ್ತೇವಲ್ಲ, ಅದು. 1962ರಲ್ಲಿ ರಂಗನಾಥನ್ ಬೆಂಗಳೂರಿನಲ್ಲಿ ಇದಕ್ಕೆಂದೇ ತರಬೇತಿ ಕೇಂದ್ರ ಕಟ್ಟಿದರು.

ಕಂಪ್ಯೂಟರಿನ ಕಡೆ 1999ರಲ್ಲಿ ಲುಸೀನ್ ಬಂತು. ಅದರ ಮೇಲೆ ಸೋಲರ್, 2010ರಲ್ಲಿ ಇಲಾಸ್ಟಿಕ್‌ಸರ್ಚ್. ಇವು ಮಾಡುವುದು ಪುಸ್ತಕದ ಕೊನೆಯ ಪದಸೂಚಿಯ ಕೆಲಸ: ಯಾವ ಪದ ಯಾವ ದಾಖಲೆಯಲ್ಲಿದೆ ಎಂದು ಬರೆದಿಡುವುದು. ಮೆಟ್ಟಿಲಿರುವ ವಿಷಯವಾದರೆ 'ಕಡಬ' ಎಂದಷ್ಟೇ ಬರೆದರೆ ಸಾಲದು. ಕಡಬ ಎಂಬ ಊರು ಗುಬ್ಬಿ ತಾಲೂಕಿನಲ್ಲೂ ಇದೆ. ಆದ್ದರಿಂದ 'ದಕ್ಷಿಣ ಕನ್ನಡ', 'ದಕ್ಷಿಣ ಕನ್ನಡ/ಕಡಬ', 'ದಕ್ಷಿಣ ಕನ್ನಡ/ಕಡಬ/ಸುಬ್ರಹ್ಮಣ್ಯ' ಎಂದು ಪ್ರತಿ ಮೆಟ್ಟಿಲಿನ ಪೂರ್ತಿ ದಾರಿಯನ್ನೂ ದಾಖಲೆಗೆ ಅಂಟಿಸುತ್ತಾರೆ.

ಇನ್ನೊಂದು ತೊಡಕು ಜಂಟಿ ಖಾತೆಯದ್ದು. ಒಂದೇ ಪಹಣಿಯಲ್ಲಿ ಅಣ್ಣನಿಗೆ 2 ಎಕರೆ, ತಮ್ಮನಿಗೆ 30 ಸೆಂಟ್ಸ್ ಎಂದಿಟ್ಟುಕೊಳ್ಳಿ. ಯಂತ್ರ ಹೆಸರುಗಳನ್ನು ಒಂದು ಬುಟ್ಟಿಗೆ, ವಿಸ್ತೀರ್ಣಗಳನ್ನು ಇನ್ನೊಂದು ಬುಟ್ಟಿಗೆ ಸುರಿದರೆ 'ತಮ್ಮ, 2 ಎಕರೆ' ಎಂದು ಹುಡುಕಿದರೂ ಈ ಪಹಣಿ ಸಿಕ್ಕಿಬಿಡುತ್ತದೆ. ಕಾಗದದಲ್ಲಿ ಸುಳ್ಳಿಲ್ಲ, ಹುಡುಕಾಟದಲ್ಲಿ ಇದೆ. ಇದಕ್ಕೆ ಮದ್ದೆಂದರೆ ಒಬ್ಬೊಬ್ಬರ ಹೆಸರು ಮತ್ತು ಪಾಲನ್ನು ಒಂದೊಂದು ಮರಿ ಚೀಟಿಯಲ್ಲಿ ಬರೆದು, ತಾಯಿ ಚೀಟಿಯ ಜೊತೆ ಹೊಲಿದಿಡುವುದು. ಖರ್ಚೂ ಇದೆ. ತಮ್ಮನ ಪಾಲು ಬದಲಾದರೆ ಇಡೀ ಕಟ್ಟನ್ನೇ ಮತ್ತೆ ಬರೆಯಬೇಕು.

ತಾಲೂಕು ಒಡೆದಾಗಲೂ ಹೀಗೆಯೇ, ಸಾವಿರಾರು ದಾಖಲೆಗಳ ದಾರಿ ತಿದ್ದಬೇಕು. ತಿದ್ದುವಾಗ ಹಳೆಯದನ್ನು ಅಳಿಸಿದರೆ ಹಳೆ ಕಾಗದ ಹಿಡಿದು ಬಂದವನಿಗೆ ಸೊನ್ನೆ ಕಾಣುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎರಡನ್ನೂ ಉಳಿಸಬೇಕು. ಏಣಿಯಲ್ಲಿ ಅದಕ್ಕೆ ಜಾಗವಿಲ್ಲ, ಫ್ಯಾಸೆಟ್‌ನಲ್ಲಿದೆ: 2018ರವರೆಗೆ ಸುಳ್ಯ, ನಂತರ ಕಡಬ. ಸ್ಥಳ ಮತ್ತು ಕಾಲ, ರಂಗನಾಥನ್ ಹೇಳಿದ ಎರಡು ಮುಖಗಳೇ. 1974ರ ಭೂಸುಧಾರಣೆಯ ಡಿಕ್ಲರೇಷನ್ ಕಾಗದಗಳು ನಮ್ಮಲ್ಲಿ ಎಷ್ಟು ಮನೆಗಳ ಪೆಟ್ಟಿಗೆಯಲ್ಲಿಲ್ಲ! ಅವುಗಳಲ್ಲಿ ಕಡಬ ತಾಲೂಕು ಎಂದು ಎಲ್ಲೂ ಸಿಗುವುದಿಲ್ಲ. ಸದ್ಯಕ್ಕೆ ಪುತ್ತೂರು ಅಥವಾ ಸುಳ್ಯದ ಪಟ್ಟಿಯಲ್ಲಿ ನಿಮ್ಮ ಗ್ರಾಮ ಕಾಣದಿದ್ದರೆ ಒಮ್ಮೆ ಕಡಬ ಒತ್ತಿ ನೋಡಿ.