ರೋಟಾಕ್ಸ್ 914 (ಹಂಸ-3 ವಿಮಾನದ ಎಂಜಿನ್)

ರೋಟಾಕ್ಸ್ 914 ಎಂಬುದು ಆಸ್ಟ್ರಿಯಾ ದೇಶದ ಗುನ್ಸ್‌ಕಿರ್ಖೆನ್ ಪಟ್ಟಣದಲ್ಲಿ ತಯಾರಾಗುವ, ನಾಲ್ಕು ಸಿಲಿಂಡರ್‌ಗಳ ಟರ್ಬೊಚಾರ್ಜ್ಡ್ ಪೆಟ್ರೋಲ್ ಎಂಜಿನ್. ಇದರ 914 ಎಫ್3 ಮಾದರಿಯನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು (ಎನ್‌ಎಎಲ್) ರೂಪಿಸಿದ ಹಂಸ-3 ತರಬೇತಿ ವಿಮಾನದಲ್ಲಿ ಅಳವಡಿಸಲಾಗಿದೆ. ಅಮೆರಿಕದ ಪ್ರಿಡೇಟರ್ ಹಾಗೂ ಇಸ್ರೇಲಿನ ಹೆರಾನ್ ಚಾಲಕರಹಿತ ವಿಮಾನಗಳೂ ಇದೇ ಎಂಜಿನ್ ಕುಟುಂಬವನ್ನು ಬಳಸಿವೆ. ಗಾತ್ರದಲ್ಲಿ ಇದು ಸಣ್ಣ ಕಾರೊಂದರ ಎಂಜಿನ್‌ಗೆ ಸಮ. ಇದರ ಸಾಮರ್ಥ್ಯ 1,211 ಘನ ಸೆಂಟಿಮೀಟರ್. ಭಾರತದಲ್ಲಿ ಸಣ್ಣ ಪೆಟ್ರೋಲ್ ಕಾರುಗಳಿಗೆ ದೊರೆಯುವ ತೆರಿಗೆ ರಿಯಾಯಿತಿಯ 1,200ರ ಮಿತಿಗಿಂತ ಕೇವಲ 11 ಹೆಚ್ಚು.

ಹಿನ್ನೆಲೆ

ಎನ್‌ಎಎಲ್ 1959ರಲ್ಲಿ ಸ್ಥಾಪನೆಯಾಗಿ, ಮರುವರ್ಷ ಬೆಂಗಳೂರಿಗೆ ಬಂದ ಸಂಸ್ಥೆ. ರೊದ್ದಂ ನರಸಿಂಹ ಅವರು ಅದರ ನಿರ್ದೇಶಕರಾಗಿದ್ದ ಕಾಲದಲ್ಲಿ ಎರಡು ಆಸನಗಳ ಹಗುರ ತರಬೇತಿ ವಿಮಾನದ ಯೋಜನೆ ಆರಂಭವಾಯಿತು. ಗಾಜಿನ ನಾರು ಮತ್ತು ರಾಳದ ಸಂಯುಕ್ತ ವಸ್ತುವಿನಿಂದ ಕಟ್ಟಿದ ಈ ವಿಮಾನದ ಮೊದಲ ಹಾರಾಟ 1993ರಲ್ಲಿ ನಡೆಯಿತು. ಆರಂಭದ ಮಾದರಿಗಳಲ್ಲಿ ಟರ್ಬೊ ಇಲ್ಲದ ಕಾಂಟಿನೆಂಟಲ್ ಎಂಜಿನ್‌ಗಳಿದ್ದವು. ತೂಕ ತಗ್ಗಿಸಿ, ರೋಟಾಕ್ಸ್ 914 ಎಫ್3 ಅಳವಡಿಸಿದ ಹಂಸ-3 ಹಾರಿದ್ದು 1998ರಲ್ಲಿ. 2000ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ ದೊರೆಯಿತು. ಗಡಿಯಾಚೆಯ ಹೊಸೂರಿನಲ್ಲಿರುವ ತನೇಜಾ ಏರೋಸ್ಪೇಸ್ ಸಂಸ್ಥೆ ಇದನ್ನು ತಯಾರಿಸಿತು. ಕೆಲವು ವಿಮಾನಗಳು ದೇಶದ ಹಾರಾಟ ಕ್ಲಬ್‌ಗಳಿಗೂ ಒಂದು ಕಾನ್ಪುರದ ಐಐಟಿಗೂ ಹೋದವು.

ರಚನೆ

ಸಿಲಿಂಡರ್‌ಗಳು ಎರಡೆರಡಾಗಿ ಎದುರುಬದುರಾಗಿ ಮಲಗಿವೆ. ಸಿಲಿಂಡರ್‌ನ ವ್ಯಾಸ 79.5 ಮಿ.ಮೀ., ಪಿಸ್ಟನ್ನಿನ ಚಲನೆಯ ಉದ್ದ 61 ಮಿ.ಮೀ., ಸಂಪೀಡನ ಅನುಪಾತ 9:1. ಸಿಲಿಂಡರ್‌ಗಳ ಕೊಳವೆ ಗಾಳಿಯಿಂದಲೂ ಹೆಚ್ಚು ಕಾಯುವ ತಲೆಭಾಗ ದ್ರವದಿಂದಲೂ ತಣಿಯುತ್ತದೆ. ಇಂಧನ ಪೂರೈಕೆಗೆ ಎರಡು ಕಾರ್ಬುರೇಟರ್‌ಗಳಿವೆ. ಎಂಜಿನ್ ನಿಮಿಷಕ್ಕೆ 5,800 ಸುತ್ತು ತಿರುಗುವಾಗ 115 ಅಶ್ವಶಕ್ತಿ ನೀಡುತ್ತದೆ, ಆದರೆ ಐದು ನಿಮಿಷ ಮಾತ್ರ. ನಿರಂತರವಾಗಿ ಪಡೆಯಬಹುದಾದದ್ದು 5,500 ಸುತ್ತಿಗೆ 100 ಅಶ್ವಶಕ್ತಿ. ಇಷ್ಟು ವೇಗವನ್ನು ಪ್ರೊಪೆಲ್ಲರ್ ತಾಳಲಾರದು. ಆದ್ದರಿಂದ 2.43:1ರ ಗೇರುಪೆಟ್ಟಿಗೆಯೊಂದು ಅದನ್ನು 2,400ರೊಳಕ್ಕೆ ಇಳಿಸುತ್ತದೆ.

ದಹನದ ಕಿಡಿಗೆ ಎರಡು ಸ್ವತಂತ್ರ ವ್ಯವಸ್ಥೆಗಳಿದ್ದು, ಪ್ರತಿ ಸಿಲಿಂಡರ್‌ಗೂ ಎರಡು ಸ್ಪಾರ್ಕ್ ಪ್ಲಗ್‌ಗಳಿವೆ. ಕಿಡಿಗೆ ಬೇಕಾದ ವಿದ್ಯುತ್ತು ಎಂಜಿನ್‌ನ ಒಳಗಿನ ಸುರುಳಿಗಳಿಂದಲೇ ಬರುವುದರಿಂದ ಬ್ಯಾಟರಿ ಸತ್ತರೂ ಕಿಡಿ ನಿಲ್ಲುವುದಿಲ್ಲ. ಆದರೆ ಪೆಟ್ರೋಲ್ ತಳ್ಳುವ ಎರಡೂ ಪಂಪುಗಳು ವಿದ್ಯುತ್ ಚಾಲಿತ. ಟರ್ಬೊ ಇಲ್ಲದ ಸೋದರ ಮಾದರಿ 912ರಲ್ಲಿ ಎಂಜಿನ್ನೇ ತಿರುಗಿಸುವ ಯಾಂತ್ರಿಕ ಪಂಪು ಇದೆ. 914ರಲ್ಲಿ ಕಾರ್ಬುರೇಟರ್‌ನ ಹೊರಗೆ ಒತ್ತಿದ ಗಾಳಿ ಇರುವುದರಿಂದ ಪೆಟ್ರೋಲಿನ ಒತ್ತಡ ಸದಾ ಅದಕ್ಕಿಂತ ಒಂದಿಷ್ಟು ಮೇಲಿರಬೇಕು. ಎರಡು ಪಂಪುಗಳಿಗೆ ಎರಡು ಬೇರೆ ಮೂಲಗಳಿಂದ ವಿದ್ಯುತ್ತು ಕೊಡುವುದು ಈ ಕಾರಣಕ್ಕೆ ಅಲಂಕಾರವಲ್ಲ, ಅಗತ್ಯ.

ಬೆಂಗಳೂರಿನ ಎತ್ತರ ಮತ್ತು ಟರ್ಬೊ

ಯಲಹಂಕದ ವಾಯುನೆಲೆ, ಹೆಬ್ಬಾಳದಾಚೆಯ ಜಕ್ಕೂರು ವಿಮಾನಾಂಗಣ, ನಗರದ ಪೂರ್ವದ ಎಚ್‌ಎಎಲ್ ನಿಲ್ದಾಣ, ಇವೆಲ್ಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಇಲ್ಲಿ ವಾಯುಭಾರ ಸುಮಾರು 910 ಮಿಲಿಬಾರ್, ಅಂದರೆ ಸಮುದ್ರಮಟ್ಟಕ್ಕಿಂತ ಶೇ 10ರಷ್ಟು ಕಡಿಮೆ. ಬೇಸಿಗೆಯ ಮಧ್ಯಾಹ್ನ ಉಷ್ಣಾಂಶ 33 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಗಾಳಿ ಇನ್ನೂ ತೆಳುವಾಗುತ್ತದೆ. ಆಗ ವಿಮಾನದ ರೆಕ್ಕೆ ಹಾಗೂ ಎಂಜಿನ್ ಎರಡಕ್ಕೂ ಯಲಹಂಕ ಸುಮಾರು 1,700 ಮೀಟರ್ ಎತ್ತರದ ಊರಿನಂತೆ ಕಾಣುತ್ತದೆ. ಗಾಳಿಯನ್ನು ತಾನೇ ಎಳೆದುಕೊಳ್ಳುವ 100 ಅಶ್ವಶಕ್ತಿಯ ಎಂಜಿನ್ ಇಂಥ ದಿನ 85ರ ಆಸುಪಾಸಿಗೆ ಇಳಿಯುತ್ತದೆ. ಬೆಂಗಳೂರಿನ ಕಾರು ಚಾಲಕರಿಗೆ ಈ ನಷ್ಟ ಅಷ್ಟಾಗಿ ತಿಳಿಯದು. ಹೆಬ್ಬಾಳದ ಮೇಲ್ಸೇತುವೆ ಏರಲು ಆಕ್ಸಿಲರೇಟರ್ ಒಂದಿಷ್ಟು ಹೆಚ್ಚು ಒತ್ತಿದರೆ ಸಾಕು. ಓಡುದಾರಿಯ ಕೊನೆ ಹತ್ತಿರವಾಗುತ್ತಿರುವ ವಿಮಾನಕ್ಕೆ ಆ ಅವಕಾಶವಿಲ್ಲ.

914ರಲ್ಲಿ ಹೊಗೆಯ ರಭಸದಿಂದ ತಿರುಗುವ ಟರ್ಬೈನ್ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ಕಳುಹಿಸುತ್ತದೆ. ಇದರಿಂದ 115 ಅಶ್ವಶಕ್ತಿ ಸುಮಾರು 8,000 ಅಡಿಯವರೆಗೂ, 100 ಅಶ್ವಶಕ್ತಿ 16,000 ಅಡಿಯವರೆಗೂ ಕುಗ್ಗದೆ ಉಳಿಯುತ್ತದೆ. ಬೆಂಗಳೂರಿನ 3,000 ಅಡಿ ಈ ಎಂಜಿನ್‌ಗೆ ಲೆಕ್ಕಕ್ಕೇ ಇಲ್ಲ.

ನಿಯಂತ್ರಣ

ಟರ್ಬೈನ್‌ಗೆ ಎಷ್ಟು ಹೊಗೆ ಹೋಗಬೇಕು, ಎಷ್ಟು ಪಕ್ಕದ ದಾರಿಯಿಂದ ಹೊರಬೀಳಬೇಕು ಎಂಬುದನ್ನು ವೇಸ್ಟ್‌ಗೇಟ್ ಎಂಬ ಕವಾಟ ನಿರ್ಧರಿಸುತ್ತದೆ. ಅದನ್ನು ಎಲೆಕ್ಟ್ರಾನಿಕ್ ನಿಯಂತ್ರಕವೊಂದು ಸಣ್ಣ ಮೋಟಾರಿನ ಮೂಲಕ ತಿರುಗಿಸುತ್ತದೆ. ಚಾಲಕನ ಮುಂದೆ ಎರಡು ದೀಪಗಳಿರುತ್ತವೆ. ಕೆಂಪು ದೀಪ ಸತತವಾಗಿ ಉರಿದರೆ ಒತ್ತಡ ಮಿತಿ ಮೀರಿದೆ ಎಂದರ್ಥ. ಅದು ಮಿನುಗಿದರೆ ಐದು ನಿಮಿಷದ ಗಡುವು ಮುಗಿದಿದೆ. ಕಿತ್ತಳೆ ದೀಪ ಸಂವೇದಕ ಅಥವಾ ತಂತಿಯ ದೋಷವನ್ನು ಸೂಚಿಸುತ್ತದೆ. ಕವಾಟ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಒತ್ತಡ ಏರುತ್ತಲೇ ಹೋಗುವುದರಿಂದ ಚಾಲಕ ಕೈಯಿಂದ ಥ್ರಾಟಲ್ ಇಳಿಸಬೇಕಾಗುತ್ತದೆ.

ಥ್ರಾಟಲ್‌ನ ಗುರುತುಗಳು ಶೇ 115ರವರೆಗೂ ಇವೆ. ಶೇ 108ರ ಆಸುಪಾಸಿನಲ್ಲಿ ನಿಯಂತ್ರಕವು ಒತ್ತಡವನ್ನು ಒಮ್ಮೆಲೇ ಮೇಲಕ್ಕೆ ನೆಗೆಸುತ್ತದೆ. ಆ ಜಾಗದಲ್ಲಿ ಥ್ರಾಟಲ್ ನಿಲ್ಲಿಸಿದರೆ ಎಂಜಿನ್ ತೂಗಾಡುವುದರಿಂದ ಅದನ್ನು ಸರಸರನೆ ದಾಟಿಸುವುದು ಕ್ರಮ. ಹೊಸದಾಗಿ ಹಾರಾಟ ಕಲಿಯುವವರ ಕೈಗೆ ಇದು ಅಷ್ಟೇನೂ ಸರಳ ಪಾಠವಲ್ಲ.

ಇಂಧನ

914 ಎಂಜಿನ್‌ಗೆ ಕನಿಷ್ಠ 95 ಆಕ್ಟೇನ್ ಇರುವ ಕಾರಿನ ಪೆಟ್ರೋಲ್ ಅಥವಾ ಸೀಸ ಬೆರೆಸಿದ ವಿಮಾನ ಪೆಟ್ರೋಲ್ ಆಗುತ್ತದೆ. ಭಾರತದ ಬಂಕುಗಳ ಸಾಮಾನ್ಯ ಪೆಟ್ರೋಲ್ ಹಿಂದೆ 91 ಆಕ್ಟೇನ್‌ನದಾಗಿತ್ತು. ಒತ್ತಿದ ಗಾಳಿಯಲ್ಲಿ ಕಡಿಮೆ ಆಕ್ಟೇನ್ ಇಂಧನ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿದು ಪಿಸ್ಟನ್‌ಗಳನ್ನು ಕೆಡಿಸಬಲ್ಲದು.

ಸೀಸವಿರುವ ವಿಮಾನ ಪೆಟ್ರೋಲ್ ಬಳಸಿದರೆ ಬೇರೆಯದೇ ತೊಂದರೆ. ಇಲ್ಲಿ ಎಂಜಿನ್‌ಗೂ ಗೇರುಪೆಟ್ಟಿಗೆಗೂ ಒಂದೇ ಎಣ್ಣೆ. ಸೀಸದ ಕೆಸರು ಎರಡರಲ್ಲೂ ಕೂರುತ್ತದೆ. ಆದ್ದರಿಂದ 100 ಗಂಟೆಗೊಮ್ಮೆ ಬದಲಿಸುವ ಎಣ್ಣೆಯನ್ನು 50 ಗಂಟೆಗೇ ಬದಲಿಸಬೇಕು. ಭಾರತ ಬಹುಕಾಲ ಆಮದು ಮಾಡಿಕೊಳ್ಳುತ್ತಿದ್ದ ಈ ಇಂಧನವನ್ನು ಇಂಡಿಯನ್ ಆಯಿಲ್ 2022ರ ಸೆಪ್ಟೆಂಬರ್‌ನಲ್ಲಿ ತಾನೇ ತಯಾರಿಸಿ ಬಿಡುಗಡೆ ಮಾಡಿತು.

ಸೀಸವಿಲ್ಲದ ಕಾರಿನ ಪೆಟ್ರೋಲೇ ಎಂಜಿನ್‌ನ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತು ಯುರೋಪಿನಲ್ಲಿ ನಿಜ. ಆದರೆ ತಯಾರಕರು ಒಪ್ಪುವುದು ಶೇ 10ರವರೆಗಿನ ಎಥೆನಾಲ್ ಮಿಶ್ರಣವನ್ನು ಮಾತ್ರ. 2023ರ ಫೆಬ್ರವರಿ 6ರಂದು ಯಶವಂತಪುರದಿಂದ ತುಮಕೂರಿನತ್ತ ಸಾಗುವ ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಪ್ರಧಾನಿ ನರೇಂದ್ರ ಮೋದಿ ಶೇ 20ರ ಮಿಶ್ರಣಕ್ಕೆ ಚಾಲನೆ ನೀಡಿದರು. 2025ರ ವೇಳೆಗೆ ದೇಶ ಆ ಗುರಿ ತಲುಪಿತು. ಎಥೆನಾಲ್ ನೀರನ್ನು ಹೀರುತ್ತದೆ. ಎತ್ತರದ ತಂಪಿನಲ್ಲಿ ಆ ನೀರು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರಬಹುದು. ಹೀಗಾಗಿ ಕಾರಿನ ಪೆಟ್ರೋಲ್ ಕುಡಿಯಬಲ್ಲ ಎಂಜಿನ್ ಎಂಬ 914ರ ದೊಡ್ಡ ಅನುಕೂಲ ನಮ್ಮ ಬಂಕುಗಳ ಮಟ್ಟಿಗೆ ಈಗ ಹೆಸರಿಗಷ್ಟೇ ಉಳಿದಿದೆ.

ಬಾಳಿಕೆ

ಎಂಜಿನ್‌ನ್ನು ಪೂರ್ತಿ ಬಿಚ್ಚಿ ಕಟ್ಟುವ ಅವಧಿ ಆರಂಭದ ಮಾದರಿಗಳಲ್ಲಿ ಕಡಿಮೆಯಿತ್ತು. ಮುಂದೆ ಅದು 2,000 ಗಂಟೆ ಅಥವಾ 15 ವರ್ಷ, ಯಾವುದು ಮೊದಲೋ ಅದಕ್ಕೆ ಏರಿತು. ಎಂಜಿನ್‌ನ ಮೂಲಭಾಗ ಗಟ್ಟಿಯಾದದ್ದು. ನಿಗಾ ಬೇಡುವುದು ಅದರ ಸುತ್ತಲಿನ ಭಾಗಗಳು: ಐದು ವರ್ಷಕ್ಕೊಮ್ಮೆ ಬದಲಿಸಬೇಕಾದ ರಬ್ಬರ್ ಕೊಳವೆಗಳು, ಒಂದಕ್ಕೊಂದು ಹೊಂದಿಸಬೇಕಾದ ಕಾರ್ಬುರೇಟರ್‌ಗಳು, ಕಾವಿಗೆ ಬಿರುಕು ಬಿಡುವ ಹೊಗೆಕೊಳವೆ. ಟರ್ಬೊದಿಂದ ಎಣ್ಣೆಯನ್ನು ಹಿಂದಕ್ಕೆಳೆಯಲು ಪ್ರತ್ಯೇಕ ಪಂಪೂ ಇದೆ. ಇಳಿದ ಕೂಡಲೇ ಎಂಜಿನ್ ಆರಿಸಿದರೆ ಕಾದ ಬೇರಿಂಗಿನಲ್ಲಿ ಎಣ್ಣೆ ಸೀದುಹೋಗುತ್ತದೆ. ಹಾಗಾಗಿ ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಿಸಿ ತಣಿಸಬೇಕು. ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೂ ಈ ಸಲಹೆ ಅಪರಿಚಿತವಲ್ಲ.

ಹಂಸ-ಎನ್‌ಜಿ

ಎನ್‌ಎಎಲ್ ಸಿದ್ಧಪಡಿಸಿದ ಹೊಸ ಪೀಳಿಗೆಯ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಎಚ್‌ಎಎಲ್ ನಿಲ್ದಾಣದಿಂದ ಮೊದಲ ಬಾರಿಗೆ ಹಾರಿತು. ಇದರಲ್ಲಿ ಟರ್ಬೊ ಇಲ್ಲ. ರೋಟಾಕ್ಸ್ 912 ಐಎಸ್ ಎಂಜಿನ್ 1,352 ಘನ ಸೆಂಟಿಮೀಟರ್ ಗಾತ್ರದ್ದಾಗಿದ್ದು, 100 ಅಶ್ವಶಕ್ತಿ ನೀಡುತ್ತದೆ. ಕಾರ್ಬುರೇಟರ್ ಬದಲು ಇಂಧನ ಸಿಂಪಡಿಸುವ ವ್ಯವಸ್ಥೆಯಿದೆ. ನಿಯಂತ್ರಣ ವ್ಯವಸ್ಥೆಯೂ ಜನರೇಟರೂ ಎರಡೆರಡು. ಬೆಂಗಳೂರಿನಲ್ಲಿ ನೆಲ ಬಿಡುವ ಕ್ಷಣದಲ್ಲಿ ಹಳೆಯ ಎಂಜಿನ್‌ಗಿಂತ ಇದು ಸುಮಾರು 25 ಅಶ್ವಶಕ್ತಿ ಹಿಂದುಳಿಯುತ್ತದೆ. ಅದಕ್ಕೆ ಪ್ರತಿಯಾಗಿ ವೇಸ್ಟ್‌ಗೇಟ್, ಬಿಸಿ ಟರ್ಬೊ, ಕಾರ್ಬುರೇಟರ್ ಹೊಂದಾಣಿಕೆ ಇವಿಷ್ಟೂ ಇಲ್ಲವಾಗುತ್ತವೆ. ದಿನವಿಡೀ ಏರಿಳಿಯುವ ತರಬೇತಿ ವಿಮಾನಕ್ಕೆ ಇದು ನ್ಯಾಯವಾದ ವಿನಿಮಯವೆಂದೇ ಹೇಳಬೇಕು. ಆದರೆ 912 ಐಎಸ್‌ನಲ್ಲಿ ಕಿಡಿಗೂ ವಿದ್ಯುತ್ ನಿಯಂತ್ರಕವೇ ಬೇಕಾದ್ದರಿಂದ ವಿದ್ಯುತ್ತಿನ ಮೇಲಿನ ಅವಲಂಬನೆ ಹೆಚ್ಚಿದೆ.

2022ರ ಫೆಬ್ರವರಿ–ಮಾರ್ಚ್‌ನಲ್ಲಿ ಪುದುಚೇರಿಯಲ್ಲಿ ಸಮುದ್ರಮಟ್ಟದ ಪರೀಕ್ಷೆಗಳು ನಡೆದವು. ಅದೇ ವರ್ಷದ ಮೇ 17ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದ ಮೇಲೆ, 7,000ದಿಂದ 8,000 ಅಡಿ ಎತ್ತರದಲ್ಲಿ, ಹಾರುತ್ತಿರುವಾಗಲೇ ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆಯಿತು. ಗಾಳಿಗೆ ತಾನಾಗಿ ತಿರುಗುವ ಪ್ರೊಪೆಲ್ಲರ್‌ನಿಂದ ಒಮ್ಮೆ, ಸ್ಟಾರ್ಟರ್ ನೆರವಿನಿಂದ ಇನ್ನೊಮ್ಮೆ ಹೀಗೆ ಎರಡೂ ಬಗೆಯಲ್ಲಿ ನೋಡಲಾಯಿತು. ಎಂಜಿನ್ ಮತ್ತೆ ಹೊತ್ತಿಕೊಂಡಿತು.